ರ‍್ಯಾಂಪಿನ ಮೇಲೆ ಒಂದಕ್ಷರ

ಬುಧವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಕೆಲಸ ಕೆಡಲು ಶುರುವಾಯಿತು. ಅಪಘಾತ ಆದದ್ದು ಶನಿವಾರ. ಆದರೂ ನಾನು ಬುಧವಾರದಿಂದಲೇ ಎಣಿಸುತ್ತೇನೆ. ಸಿಂಗಾಪುರದ ಪಾಸಿರ್ ಪಂಜಾಂಗ್‌ನ ನಮ್ಮ ಯಾರ್ಡಿನ ಗೇಟಿನ ಹತ್ತಿರ ಫೋರ್‌ಮನ್ ನನ್ನನ್ನು ತಡೆದು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದ್ದು ಆಗ. ಅವನ ಮುಖ ನೋಡಲು ಮನಸ್ಸಿಲ್ಲದೆ ಗೇಟಿನ ಮೇಲಿನ ಗಡಿಯಾರ ನೋಡುತ್ತ ಉತ್ತರ ಕೊಟ್ಟೆ. ಹಾಗಾಗಿ ಸಮಯ ನೆನಪಿದೆ.

“ಸಾರ್, ತಮಿಳ್ ತೆರಿಯುಮಾ?”

“ತೆರಿಯುಂ,” ಅಂದೆ. ಬರುತ್ತದೆ ಎಂದು.

ಬರುತ್ತಿರಲಿಲ್ಲ. ಬೆಂಗಳೂರಿನಲ್ಲಿ ಪಕ್ಕದ ಮನೆಯವರ ಬಾಯಲ್ಲಿ ಕೇಳಿ ಕಲಿತ ನೂರು ನೂರೈವತ್ತು ಮಾತು ನನ್ನ ಹತ್ತಿರ ಇದ್ದವು. ಜೊತೆಗೆ ಡಿಗ್ರಿಯಲ್ಲಿ ಕನ್ನಡ ಮೇಷ್ಟ್ರು ಹೇಳಿಕೊಟ್ಟ ಎರಡು ಸೂತ್ರ. ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಗಿದೆ, ತಮಿಳಿನಲ್ಲಿ ಹಾಗೇ ಉಳಿದಿದೆ: ಅವರ ಪಾಲ್ ನಮ್ಮ ಹಾಲು. ಅವರ ವಕಾರ ನಮ್ಮ ಬಕಾರ: ಅವರ ವಾ ನಮ್ಮ ಬಾ. ಇವೆರಡು ಗೊತ್ತಿದ್ದರೆ ಅರ್ಧ ತಮಿಳು ಬಂದ ಹಾಗೆ ಎಂದು ಲಿಟಲ್ ಇಂಡಿಯಾದ ಹೋಟೆಲಿನಲ್ಲಿ ಕೂತು ನಾನು ಎಷ್ಟೋ ಜನರಿಗೆ ಹೇಳಿದ್ದೆ. ಮ್ಯಾನೇಜರಿಗೂ ಹೇಳಿದ್ದೆ. ಅವರು ಮೈಸೂರಿನ ಕಡೆಯವರು, ಸಿಂಗಾಪುರಕ್ಕೆ ಬಂದು ಹನ್ನೆರಡು ವರ್ಷವಾಗಿತ್ತು. ನನ್ನನ್ನು ಈ ಸಣ್ಣ ಸಾಗಣೆ ಕಂಪನಿಗೆ ಕರೆಸಿಕೊಂಡವರೂ ಅವರೇ. ಇಂಡಿಯನ್ ಅಂದರೆ ತಮಿಳು ಬಂದೇ ಬರುತ್ತದೆ ಎಂದು ಊರೆಲ್ಲ ನಂಬಿರುವಾಗ, ಇಲ್ಲ ಅನ್ನುವುದಕ್ಕೆ ನನಗೆ ನಾಚಿಕೆ.

ನನ್ನ ಕೆಲಸ ಫ್ಯಾಕ್ಸು, ಪರ್ಮಿಟ್ಟು, ಗಡಿ ದಾಟುವ ಕಾಗದಪತ್ರ. ಆ ವಾರ ಮಾತ್ರ ಮ್ಯಾನೇಜರ್ ನನ್ನನ್ನು ಯಾರ್ಡಿಗೆ ಇಳಿಸಿದರು. ಒಬ್ಬ ವ್ಯಾಪಾರಿಯ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಗಡಿಯಾಚೆ ಮಲೇಷ್ಯಾದ ಜೋಹೋರ್‌ನ ರೇಸ್ ಟ್ರ್ಯಾಕಿಗೆ ಹೋಗಬೇಕಿತ್ತು. ಭಾನುವಾರ ಬೆಳಿಗ್ಗೆ ಅವರು ಅಲ್ಲಿ ಓಡಿಸಬೇಕು, ಶನಿವಾರ ಸಂಜೆಯೊಳಗೆ ಕಾರು ಗಡಿ ದಾಟಬೇಕು. ತೆರೆದ ಲಾರಿಯಲ್ಲಿ ಬೇಡ, ಧೂಳು ಕೂರುತ್ತದೆ, ಕಲ್ಲು ಸಿಡಿಯುತ್ತದೆ, ಮುಚ್ಚಿದ ಟ್ರೇಲರೇ ಆಗಬೇಕು ಎಂದರು. ಇನ್ನೊಂದು ಷರತ್ತು ಫೋನಿನಲ್ಲಿ ಎರಡು ಸಲ ಹೇಳಿದರು: ಅವರ ಸೀಟಿನಲ್ಲಿ ಬೇರೆ ಯಾರೂ ಕೂರಬಾರದು. ಅಂದರೆ ಎಂಜಿನ್ ಚಾಲೂ ಮಾಡಿ ಹತ್ತಿಸುವ ಹಾಗಿಲ್ಲ, ಹಗ್ಗ ಕಟ್ಟಿ ಎಳೆಯಬೇಕು. ಬ್ರೇಕಿನ ಮೇಲೆ ಯಾರ ಕಾಲೂ ಇರುವುದಿಲ್ಲ.

ಬುಧವಾರ, ಗುರುವಾರ ಮೂರು ಟ್ರೇಲರ್ ನೋಡಿದೆವು. ಮೊದಲನೆಯದು ಎಲ್ಲ ರೀತಿಯಲ್ಲೂ ಸರಿ ಇತ್ತು. ಅಗಲವಾಗಿತ್ತು. ಒಳಗೆ ಚಕ್ರದ ಗೂಡು ತಗ್ಗಾಗಿದ್ದುದರಿಂದ ಕಾರಿನ ಬಾಗಿಲು ಅದರ ಮೇಲೆ ತೆರೆದುಕೊಳ್ಳುತ್ತಿತ್ತು. ಮುಂದೆ ಹಗ್ಗ ಸುತ್ತಿ ಕಾರು ಎಳೆಯುವ, ಬ್ರೇಕ್ ಇರುವ ವಿಂಚು: ಕೈ ಬಿಟ್ಟರೂ ಭಾರ ನಿಂತಲ್ಲೇ ನಿಲ್ಲುತ್ತದೆ. ಆದರೆ ಅದನ್ನು ಬೇರೆಯವರು ಹತ್ತು ದಿನಕ್ಕೆ ಕಾದಿರಿಸಿದ್ದರು. ಎರಡನೆಯದರ ನೆಲದ ಪ್ಲೈವುಡ್‌ಗೆ ಫೋರ್‌ಮನ್ ಸ್ಕ್ರೂಡ್ರೈವರ್ ಒತ್ತಿದ. ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಅವನು ಅದನ್ನು ಕಿತ್ತು ಜೇಬಿಗೆ ಹಾಕಿ ಹೊರಗೆ ಬಂದ.

ಮೂರನೆಯದು ಇಕ್ಕಟ್ಟು. ನೆಲ ಗಟ್ಟಿ, ಎರಡು ಆಕ್ಸಲ್, ಕಾರು ಬಿಗಿಯುವ ಬಳೆಗಳನ್ನು ಚಾಸಿಗೇ ವೆಲ್ಡ್ ಮಾಡಿದ್ದರು. ಅದೆಲ್ಲ ಒಳ್ಳೆಯದು. ಆದರೆ ಕಾರು ಒಳಗೆ ಹೋದರೆ ಎರಡು ಕಡೆಯೂ ಒಂದೊಂದು ಗೇಣು ಜಾಗ. ಬಾಗಿಲು ತೆರೆಯುವುದಿಲ್ಲ. ಕಾರಿನ ಒಡೆಯರು ಒಪ್ಪಿದ್ದರೂ ಒಳಗೆ ಕೂತ ಡ್ರೈವರ್ ಹೊರಗೆ ಬರುವಂತಿರಲಿಲ್ಲ. ವಿಂಚು ಹಳೆಯ ಕೈವಿಂಚು. ಹ್ಯಾಂಡಲ್ ತಿರುಗಿಸಿದರೆ ತಂತಿಹಗ್ಗ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ, ಕಬ್ಬಿಣದ ಒಂದು ನಾಲಿಗೆ ಹಲ್ಲುಗಳ ಮೇಲೆ ಟಿಕ್ ಟಿಕ್ ಎಂದು ಬೀಳುತ್ತ ಅದು ಹಿಂದೆ ಸರಿಯದಂತೆ ತಡೆಯುತ್ತದೆ. ಆ ನಾಲಿಗೆ ಎತ್ತಿದರೆ ಕಾರಿನ ಭಾರವೆಲ್ಲ ಹ್ಯಾಂಡಲ್ ಹಿಡಿದವನ ತೋಳಿಗೆ ಬರುತ್ತದೆ.

ಫೋರ್‌ಮನ್ ಅದನ್ನು ಎರಡು ಸುತ್ತು ತಿರುಗಿಸಿ ನೋಡಿ ಬೇಡವೆಂದು ತಲೆಯಾಡಿಸಿದ. ಹತ್ತು ದಿನ ಕಾಯೋಣ ಎಂದು ಕೈಸನ್ನೆ ಬೆರೆಸಿದ ತಮಿಳಿನಲ್ಲಿ ಅಂದ. ಕಾಯಲು ಆಗುವುದಿಲ್ಲ, ಕ್ಲಯಂಟಿಗೆ ಮಾತು ಕೊಟ್ಟಾಗಿದೆ ಅಂದೆ. ಮಾತು ಕೊಟ್ಟವರು ಬಂದು ತಿರುಗಿಸಲಿ ಎಂದು ಗೊಣಗಿದ. ನಾನು ಕೇಳಿಸದವನಂತೆ ಅಳತೆ ಬರೆದುಕೊಂಡೆ. ಮೇಜಿನ ಮುಂದೆ ಕೂರುವ ಸಾರ್ ಎಂದು ಅವನು ನನ್ನನ್ನು ಕಡೆಗಣಿಸುತ್ತಿದ್ದ. ಸಹಿ ಹಾಕಲೂ ಬಾರದವನು ಎಂದು ನಾನು ಅವನನ್ನು ಕಡೆಗಣಿಸುತ್ತಿದ್ದೆ. ಅವನಿಗೆ ಸಹಿ ಬರುತ್ತಿತ್ತು ಎಂದು ತಿಳಿದದ್ದು ಆಮೇಲೆ.

ರ‍್ಯಾಂಪ್ ಗಿಡ್ಡ, ಆದ್ದರಿಂದ ಕಡಿದು. ಕಾರಿನ ಮೂತಿ ನೆಲದಿಂದ ನಾಲ್ಕೇ ಅಂಗುಲ ಮೇಲೆ. ಅದು ಉಜ್ಜದಿರಲು ರ‍್ಯಾಂಪಿನ ತುದಿಗೆ ಎರಡು ಉದ್ದನೆಯ ಹಲಗೆ ಸೇರಿಸಿ ಇಳಿಜಾರನ್ನು ತಗ್ಗಿಸಬೇಕಿತ್ತು. ಮತ್ತೊಂದು ವಿಷಯವನ್ನು ನಾನು ಶುಕ್ರವಾರ ಕಾಗದದ ಮೇಲೆ ಲೆಕ್ಕ ಹಾಕಿ ಕಂಡುಹಿಡಿದೆ. ಎಂಜಿನ್ ಸೀಟುಗಳ ಹಿಂದಿರುವ ಕಾರು ಅದು. ಮೂತಿ ಮುಂದಾಗಿ ಹತ್ತಿಸಿದರೆ ಭಾರ ಟ್ರೇಲರಿನ ಹಿಂಭಾಗಕ್ಕೆ ಬಿದ್ದು ರಸ್ತೆಯಲ್ಲಿ ಬಾಲ ಅಲ್ಲಾಡಿಸುತ್ತದೆ. ಆದ್ದರಿಂದ ಹಿಂಭಾಗ ಮುಂದಾಗಿ ಎಳೆಯಬೇಕು. ಇದನ್ನು ಹೆಮ್ಮೆಯಿಂದ ಹೇಳಿದಾಗ ಫೋರ್‌ಮನ್, ಅದು ನೋಡಿದ ಕೂಡಲೇ ಗೊತ್ತಾಗುತ್ತದೆ ಸಾರ್, ಕಾಗದ ಯಾಕೆ ಅಂದ.

ನಾನು ಕ್ರಮವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಟ್ರೇಲರಿನ ಗೋಡೆಗೆ ಅಂಟಿಸಿದೆ. ಮೂರು ಆಜ್ಞೆ: ಪುಲ್, ಹೋಲ್ಡ್, ರಿಲೀಸ್. ವಿಂಚಿನ ಹತ್ತಿರ ನಮ್ಮ ಹಳೆಯ ಲಾರಿ ಡ್ರೈವರ್ ಇರುತ್ತಾನೆ. ಅವನು ಚೀನೀಯ, ಎಲ್ಲರಿಗೂ ಅಂಕಲ್. ಅವನಿಗೆ ತಮಿಳು ಬರದು. ಹಿಂದೆ ಕಾರಿನ ಮೂತಿಯ ಹತ್ತಿರ ಫೋರ್‌ಮನ್. ಅಂಕಲ್‌ಗೆ ಅವನು ಕಾಣುವುದಿಲ್ಲ, ಮಧ್ಯೆ ಕಾರು ಅಡ್ಡ. ಟ್ರೇಲರಿನ ಪಕ್ಕದ ಸಣ್ಣ ಬಾಗಿಲಲ್ಲಿ ನಾನು ನಿಂತು ಫೋರ್‌ಮನ್ನನ ತಮಿಳನ್ನು ಅಂಕಲ್‌ಗೆ ಇಂಗ್ಲಿಷಿನಲ್ಲಿ ದಾಟಿಸಬೇಕು. ಫೋರ್‌ಮನ್ ಸೀಟಿ ಊದೋಣ ಅಂದ, ಒಂದು ಸಲ ಊದಿದರೆ ನಿಲ್ಲಿಸು. ಬೇಕಾಗಿಲ್ಲ, ನಾನಿದ್ದೇನಲ್ಲ ಅಂದೆ.

ಶನಿವಾರ ಮಧ್ಯಾಹ್ನ ಒಂದೂಮುಕ್ಕಾಲಿಗೆ ಶುರು ಮಾಡಿದೆವು. ಒಡೆಯರು ಬಿಳಿ ಅಂಗಿ ಹಾಕಿಕೊಂಡು ಬಂದು ನೆರಳಲ್ಲಿ ನಿಂತಿದ್ದರು. ಫೋರ್‌ಮನ್ ಕಾರಿಗೆ ಕೈ ಆನಿಸಿದಾಗಲೆಲ್ಲ “ಡೋಂಟ್ ಟಚ್” ಅನ್ನುತ್ತಿದ್ದರು. ಮುಟ್ಟದೆ ಹೇಗೆ ಹತ್ತಿಸುವುದೋ ಅವರೇ ಹೇಳಬೇಕಿತ್ತು. ಮೊದಲ ಸಲ ಕಾರು ಓರೆಯಾಗಿ ಬಂತು. ಎರಡು ಅಡಿ ಕೆಳಗೆ ಬಿಟ್ಟು ಮತ್ತೆ ಎಳೆದೆವು. ಮತ್ತೆ ಓರೆ, ಮತ್ತೆ ಬಿಟ್ಟೆವು. ಎರಡೂ ಸಲ ಹಿಂದಿನ ಚಕ್ರ ಮಾತ್ರ ರ‍್ಯಾಂಪಿನ ಮೇಲಿದ್ದವು, ಭಾರ ಕಡಿಮೆ. ಅಂಕಲ್ ನಾಲಿಗೆ ಎತ್ತಿ ಹ್ಯಾಂಡಲನ್ನು ತೋಳಿನಿಂದಲೇ ತಡೆದು ಮೆಲ್ಲಗೆ ಇಳಿಸಿದ. ಆ ಎರಡು ಸಲವೂ ಫೋರ್‌ಮನ್ “ವಿಡು” ಅಂದಿದ್ದ, ನಾನು “ರಿಲೀಸ್” ಅಂದಿದ್ದೆ. ವಕಾರಕ್ಕೆ ಬಕಾರ. ಸೂತ್ರ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಖುಷಿಪಟ್ಟೆ.

ಮೂರನೇ ಸಲ ನೆಟ್ಟಗೆ ಬಂತು. ಹಿಂದಿನ ಚಕ್ರ ಟ್ರೇಲರಿನ ಡಬ್ಬಿಯೊಳಗೆ ಹೋದವು, ಮುಂದಿನ ಚಕ್ರ ಹಲಗೆ ಏರಿದವು. ಈಗ ಇಡೀ ಕಾರು ಇಳಿಜಾರಿನಲ್ಲಿ ತಂತಿಯ ಮೇಲೆ ನಿಂತಿತ್ತು. ಆಗ ಎಡಗಡೆಯ ಹಲಗೆ ಜಾರಿತು. ಫೋರ್‌ಮನ್ ಕಾರಿನ ಮೂತಿಯ ಮುಂದೆ, ಇಳಿಜಾರಿನ ಕೆಳಗೆ ಕುಕ್ಕರಗಾಲಲ್ಲಿ ಕೂತ. ಎಡಗೈಯಲ್ಲಿ ಚಕ್ರಕ್ಕೆ ಕೊಡುವ ಮರದ ಅಡೆ, ಬಲಗೈ ಹಲಗೆಯ ಅಡಿಯಲ್ಲಿ. ಅಲ್ಲಿಂದ ಅವನು ಕೂಗಿದ, ಎರಡು ಸಲ. ಅಲ್ಯೂಮಿನಿಯಂ ಡಬ್ಬಿಯೊಳಗೆ ಅವನ ದನಿ ಗೋಡೆಗೆ ಬಡಿದು ನನ್ನ ಕಿವಿಗೆ ಬಂತು. “ಬಿಡಿ” ಎಂದು ಕೇಳಿಸಿತು. ನಾನು ಸೂತ್ರ ಹುಡುಕಲಿಲ್ಲ. ಅದು ಹುಟ್ಟಿದಾಗಿನಿಂದ ಗೊತ್ತಿದ್ದ ಮಾತು.

“ರಿಲೀಸ್!” ಎಂದು ಅಂಕಲ್ ಕಡೆ ತಿರುಗಿ ಕೂಗಿದೆ.

ಅಂಕಲ್ ನಾಲಿಗೆ ಎತ್ತಿದ. ಹ್ಯಾಂಡಲ್ ಅವನ ಕೈಯಿಂದ ಕಿತ್ತುಕೊಂಡು ಫ್ಯಾನಿನ ರೆಕ್ಕೆಯ ಹಾಗೆ ತಿರುಗಿತು. ಟಿಕ್ ಟಿಕ್ ಸದ್ದು ಇಲ್ಲ, ಬರೀ ಗರ್ ಎಂಬ ಸದ್ದು. ನನ್ನ ಪಕ್ಕದಲ್ಲಿ ಗೇಣು ದೂರದಲ್ಲಿ ಕಾರು ಜಾರಿಹೋದದ್ದು ನನಗೆ ಈಗಲೂ ನಿಧಾನವಾಗಿಯೇ ಕಾಣುತ್ತದೆ. ಮೊದಲು ಬಾಗಿಲಿನ ಹಿಡಿ, ಆಮೇಲೆ ಹಿಂದಿನ ಚಕ್ರ, ಆಮೇಲೆ ಹಿಂಬದಿಯ ಕೆಂಪು ದೀಪ. ಫೋರ್‌ಮನ್ ಎಡಕ್ಕೆ ಉರುಳಿದ. ಅವನ ದೇಹ ಉರುಳಿತು, ಬಲಗೈ ಹಲಗೆಯ ಅಡಿಯಲ್ಲೇ ಉಳಿಯಿತು. ಚಕ್ರ ಹಲಗೆಯ ಮೇಲೆ ಹಾದುಹೋಯಿತು. ಕಾರು ಅಂಗಳ ದಾಟಿ ಗೋಡೆಗೆ ಒರಗಿಸಿದ್ದ ಹಳೆಯ ಟೈರುಗಳಿಗೆ ಗುದ್ದಿ ನಿಂತಿತು.

ಒಡೆಯರು ಓಡಿಬಂದರು, ಕಾರಿನ ಕಡೆಗೆ. ಮಂಡಿಯೂರಿ, ಬಿರುಕುಬಿಟ್ಟ ಮೂತಿಯನ್ನು ಕರವಸ್ತ್ರದಿಂದ ಒರೆಸಿದರು. ಫೋರ್‌ಮನ್ ಅವರಿಂದ ಹತ್ತು ಅಡಿ ದೂರದಲ್ಲಿ ಕೈ ಎದೆಗೆ ಒತ್ತಿ ಕೂತಿದ್ದ. ಅವರು ಅವನ ಕಡೆ ತಿರುಗಿಯೂ ನೋಡಲಿಲ್ಲ.

ಆಸ್ಪತ್ರೆಗೆ ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋದವನು ನಾನು. ದಾರಿಯಲ್ಲಿ ಅವನು ಒಂದೇ ಮಾತು ಆಡಿದ.

“ಪಿಡಿನ್ನು ಸೊನ್ನೇನ್, ಸಾರ್. ಏನ್ ವಿಟ್ಟೀಂಗ?”

‘ಪಿಡಿ’ ಅಂದೆನಲ್ಲ ಸಾರ್, ಯಾಕೆ ಬಿಟ್ಟಿರಿ ಎಂದು. ಪಿಡಿ. ಹಳಗನ್ನಡದ ಪಿಡಿ, ನಮ್ಮ ಹಿಡಿ. ಬೆಂಗಳೂರಿನ ನೆರೆಯವರು ಇದನ್ನು ಪುಡಿ ಅನ್ನುತ್ತಿದ್ದರು, ಇವನು ಇನ್ನೂ ದಕ್ಷಿಣದವನು, ಪಿಡಿ ಅನ್ನುತ್ತಾನೆ. ಪಕಾರಕ್ಕೆ ಹಕಾರ: ಅದೇ ಸೂತ್ರಕ್ಕೆ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದಿದ್ದೆ. ಹಿಡಿದುಕೊಳ್ಳಿ ಎಂದು ಅವನು ಬೇಡಿಕೊಂಡರೆ ಬಿಟ್ಟುಬಿಡಿ ಎಂದು ನಾನು ಕೇಳಿಸಿಕೊಂಡಿದ್ದೆ.

ಮೂರು ಬೆರಳು ಮುರಿದಿದ್ದವು, ಮಣಿಕಟ್ಟಿನಲ್ಲೂ ಬಿರುಕು. ಎರಡು ತಿಂಗಳ ಪ್ಲಾಸ್ಟರ್.

ಸೋಮವಾರ ಬೆಳಿಗ್ಗೆ ಅಂಕಲ್ ನನ್ನ ಮೇಜಿನ ಹತ್ತಿರ ಬಂದು ನಿಂತ. ಅವನ ಅಂಗೈ ಸುಲಿದಿತ್ತು. “ಯು ಸೇ ರಿಲೀಸ್, ಐ ರಿಲೀಸ್. ನಾಟ್ ಮೈ ಪ್ರಾಬ್ಲೆಂ, ಹಾಂ,” ಅಂದು ಹೋದ. ಆಮೇಲೆ ಅವನು ನನ್ನ ಜೊತೆ ಕಾಫಿಗೆ ಕೂರಲೇ ಇಲ್ಲ.

ಮ್ಯಾನೇಜರ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಪಿಡಿ, ಬಿಡಿ ಎಂದು ಹೇಳಿದ ಕೂಡಲೇ ಅವರಿಗೆ ಅರ್ಥವಾಯಿತು. ಆ ಆಫೀಸಿನಲ್ಲಿ ಅರ್ಥವಾಗಬಲ್ಲ ಇನ್ನೊಬ್ಬರು ಅವರೇ.

“ಸರಿ. ರಿಪೋರ್ಟಲ್ಲಿ ಬಿಡಿ ಅಂದ ಅಂತ ಬರಿ,” ಎಂದರು.

“ಅವನು ಹಾಗೆ ಅನ್ಲಿಲ್ಲ ಸರ್.”

“ನೋಡಪ್ಪಾ. ಚಕ್ರಕ್ಕೆ ಅಡೆ ಕೊಡದೆ ಕಾರಿನ ಮುಂದೆ ಕೂತೋನು ಅವನು. ಬಿಡಿ ಅಂತ ಕೂಗಿದೋನೂ ಅವನೇ. ನೀನು ಟ್ರಾನ್ಸ್‌ಲೇಟ್ ಮಾಡ್ದೆ ಅಷ್ಟೆ. ಇನ್ಶೂರೆನ್ಸ್ ಸರ್ವೇಯರ್‌ಗೆ ಏನು ಗೊತ್ತಾಗತ್ತೆ? ಒಂದಕ್ಷರ.”

“ಅಡೆ ಕೊಡೋಕೇ ಅವನು ಹಿಡೀರಿ ಅಂದಿದ್ದು.”

“ನಿನ್ನ ಪಾಸ್ ರಿನ್ಯೂ ಆಗೋದು ಯಾವಾಗ?”

ಹೇಳಿದೆ. ಇಲ್ಲಿ ಕೆಲಸ ಮಾಡಲು ಸರ್ಕಾರ ಕೊಟ್ಟ ಆ ಪರವಾನಗಿ ಮುಗಿಯಲು ಇನ್ನು ಹತ್ತು ವಾರ.

“ಅವನಂಥೋರು ಹತ್ತು ಜನ ಸಿಗ್ತಾರೆ. ನಿನ್ನ ಕರೆಸ್ಕೊಂಡಿದ್ದು ನಾನು, ನನ್ನ ಮರ್ಯಾದೆ ಕಳೀಬೇಡ,” ಎಂದರು. ಫೋರ್‌ಮನ್ನನ ಮದ್ರಾಸ್ ಟಿಕೆಟ್ಟಿಗೆ ಆಗಲೇ ಏಜೆಂಟರಿಗೆ ಫೋನ್ ಮಾಡಿಯಾಗಿತ್ತು. ಅವನ ತಪ್ಪು ಎಂದು ವರದಿಯಾದರೆ ವರ್ಕ್ ಪರ್ಮಿಟ್ ರದ್ದು. ಮುರಿದ ಬಲಗೈ ಹೊತ್ತು ಕೆಟ್ಟ ಹೆಸರಿನೊಂದಿಗೆ ಊರಿಗೆ ಹೋದ ಫೋರ್‌ಮನ್ನನ್ನು ಮತ್ತೆ ಯಾರೂ ಕರೆಸಿಕೊಳ್ಳುವುದಿಲ್ಲ.

ಶನಿವಾರದಿಂದ ನನಗೆ ಸರಿಯಾದ ನಿದ್ದೆ ಇರಲಿಲ್ಲ. ಟೋವಾ ಪಾಯೋದ ನಮ್ಮ ಫ್ಲ್ಯಾಟಿನಲ್ಲಿ ಕಣ್ಣು ಮುಚ್ಚಿದರೆ ಟಿಕ್ ಟಿಕ್ ಕೇಳಿಸುತ್ತಿತ್ತು. ಅದು ನಿಂತ ಕೂಡಲೇ ಬೆಚ್ಚಿ ಎದ್ದು ಕೂರುತ್ತಿದ್ದೆ. ಸೋಮವಾರ ಸಂಜೆ ಎಲ್ಲವನ್ನೂ ಹೆಂಡತಿಗೆ ಹೇಳಿದೆ. ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ.

“ತಮಿಳು ಬರತ್ತೆ ಅಂತ ಯಾಕ್ರೀ ಹೇಳಿದ್ರಿ?” ಎಂದಳು.

“ಎಲ್ಲಾ ಹಾಗೇ ಅಂದ್ಕೊಂಡಿದ್ರು.”

“ಅಂದ್ಕೊಳ್ಳಲಿ. ಬರಲ್ಲ ಅನ್ನೋಕೆ ನಿಮಗೇನಾಗಿತ್ತು? ಕೆಳಗಿನ ತಮಿಳರ ಅಂಗಡೀಲಿ ಕೊತ್ತಂಬರಿ ಕೇಳೋಕೂ ನನ್ನ ಮುಂದೆ ತಳ್ತೀರ.” ಸ್ವಲ್ಪ ಹೊತ್ತು ಅಕ್ಕಿ ಆರಿಸಿ ಮತ್ತೆ ಹೇಳಿದಳು, “ಊರಿಗೆ ಹೋಗ್ಬೇಕಾದ್ರೆ ಹೋಗೋಣ. ನಿದ್ದೇಲಿ ರಿಲೀಸ್ ರಿಲೀಸ್ ಅಂತ ಕೂಗೋದನ್ನ ನಾನು ಎಷ್ಟು ದಿನ ಕೇಳ್ಲಿ?”

ಮಂಗಳವಾರ ವಿಮೆಯ ಸರ್ವೇಯರ್ ಬಂದರು. ಕನ್ನಡಕ ಹಾಕಿದ, ನಗದ ಹೆಂಗಸು. ಕಾರಿನ ಫೋಟೋ, ವಿಂಚಿನ ಫೋಟೋ, ಗೋಡೆಯ ಮೇಲಿನ ನನ್ನ ಮೂರು ಆಜ್ಞೆಗಳ ಫೋಟೋ ತೆಗೆದುಕೊಂಡರು. ಫೋರ್‌ಮನ್‌ಗೆ ಇಂಗ್ಲಿಷ್ ಓದಲು ಬರುತ್ತದೆಯೇ ಎಂದು ಕೇಳಿದರು. ಇಲ್ಲ ಅಂದೆ. ಹಾಗಾದರೆ ಇದನ್ನು ಯಾರಿಗಾಗಿ ಅಂಟಿಸಿದ್ದು ಎಂದರು. ಆಮೇಲೆ, ಅವನು ಕೂಗಿದ ಶಬ್ದ ಯಾವುದು, ಅಕ್ಷರ ಬಿಡಿಸಿ ಹೇಳಿ ಎಂದು ಪೆನ್ನು ಹಿಡಿದು ಕೂತರು. ಮ್ಯಾನೇಜರ್ ಎದುರಿಗೇ ಇದ್ದರು. ನಾನು ಹೇಳಿದ್ದು ಅವರಿಗೆ ಸರಿಯಾಗಿ ಕೇಳಿಸಲಿಲ್ಲ.

“ಪಿ ಆರ್ ಬಿ?” ಎಂದರು, ಪಿಯೋ ಬಿಯೋ ಎಂದು.

ಒಂದು ಕ್ಷಣ ನಾನು ಮೇಜಿನ ಅಂಚು ಹಿಡಿದುಕೊಂಡಿದ್ದೆ. ಬಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತಮಿಳಿನಲ್ಲಿ ಆ ಅರ್ಥಕ್ಕೆ ‘ಬಿಡಿ’ ಎಂಬ ಮಾತೇ ಇಲ್ಲ ಎಂದು ಯಾರೂ ನಿಘಂಟು ತೆಗೆದು ನೋಡುತ್ತಿರಲಿಲ್ಲ.

“ಅವನು ಅಂದದ್ದು ಪಿ,” ಎಂದೆ. “ಬಿ ಎಂದು ಕೇಳಿಸಿಕೊಂಡದ್ದು ನಾನು. ನನಗೆ ತಮಿಳು ಬರುವುದಿಲ್ಲ. ಸೀಟಿ ಊದೋಣ ಎಂದು ಅವನು ಹೇಳಿದ್ದ, ಬೇಡ ಅಂದವನೂ ನಾನೇ.”

ಅವರು ಬರೆದುಕೊಂಡು, ಸಹಿ ಹಾಕಿಸಿಕೊಂಡು ಹೋದರು. ಮ್ಯಾನೇಜರ್ ಆ ದಿನದಿಂದ ನನ್ನ ಜೊತೆ ಕನ್ನಡದಲ್ಲಿ ಮಾತಾಡುವುದನ್ನು ಬಿಟ್ಟರು. ಎಲ್ಲವೂ ಇಂಗ್ಲಿಷಿನಲ್ಲಿ, ಹೆಚ್ಚಾಗಿ ಚೀಟಿಯಲ್ಲಿ. ಅಂಥ ಒಂದು ಚೀಟಿಯಲ್ಲೇ ನನ್ನ ಪಾಸನ್ನು ಮುಂದುವರಿಸುವುದಿಲ್ಲ ಎಂದು ತಿಳಿಸಿದರು. ಫೋರ್‌ಮನ್ನನ ಟಿಕೆಟ್ಟಿನ ಮಾತು ನಿಂತುಹೋಯಿತು. ಅವನು ಪ್ಲಾಸ್ಟರ್ ಹಾಕಿಕೊಂಡೇ ಯಾರ್ಡಿಗೆ ಮರಳಿದ. ನನ್ನ ಕಡೆ ನೋಡಲಿಲ್ಲ, ಥ್ಯಾಂಕ್ಸ್ ಹೇಳಲಿಲ್ಲ. ಹೇಳಬೇಕಾದ್ದೂ ಇರಲಿಲ್ಲ. ಆದರೂ ನಾನು ಒಳಗೊಳಗೇ ಕಾಯುತ್ತಿದ್ದೆ ಎಂಬುದು ನಿಜ. ನಿದ್ದೆ ಮಾತ್ರ ಬರಲಿಲ್ಲ. ಸತ್ಯ ಹೇಳಿದರೆ ಬರುತ್ತದೆ ಎಂದುಕೊಂಡಿದ್ದೆ.

ಐದು ವಾರದ ಮೇಲೆ ಮೂತಿ ರಿಪೇರಿಯಾದ ಅದೇ ಕಾರು ಅದೇ ಟ್ರ್ಯಾಕಿಗೆ ಹೊರಟಿತು. ಈ ಸಲ ಅಗಲವಾದ ಟ್ರೇಲರೇ ಬಂತು, ಬ್ರೇಕಿನ ವಿಂಚೂ ಇತ್ತು. ಒಡೆಯರು ಈ ಸಲ ಬರಲಿಲ್ಲ. ವಿಮೆಯವರ ಪತ್ರದ ಒತ್ತಡಕ್ಕೆ, ತಮ್ಮ ಸೀಟಿನಲ್ಲಿ ಅಂಕಲ್ ಕೂತು ಬ್ರೇಕ್ ಮೇಲೆ ಕಾಲಿಡಲು ಒಪ್ಪಿದ್ದರು. ವಿಂಚಿಗೆ ಇನ್ನೊಬ್ಬ ಡ್ರೈವರ್ ನಿಂತಿದ್ದ. ಅಷ್ಟಾದರೂ ಫೋರ್‌ಮನ್ ಒಂದು ಹೊಸ ಏರ್ಪಾಟು ಸೇರಿಸಿದ. ಕಾರಿನ ಕೊಕ್ಕೆಗೆ ಇನ್ನೊಂದು ದಪ್ಪ ಹಗ್ಗ ಕಟ್ಟಿ, ಅದನ್ನು ಟ್ರೇಲರಿನ ಬಳೆಗೆ ಎರಡು ಸುತ್ತು ಹಾಕಿ ಹೊರಗೆ ತಂದ. ವಿಂಚು, ಬ್ರೇಕು ಎರಡೂ ಕೈಕೊಟ್ಟರೂ, ಒಬ್ಬ ಮನುಷ್ಯ ಆ ಹಗ್ಗದ ತುದಿಯನ್ನು ಬಿಗಿಯಾಗಿ ಹಿಡಿದಿದ್ದರೆ ಬಳೆಯ ಸುತ್ತು ಕಾರನ್ನು ಹಿಡಿದು ನಿಲ್ಲಿಸುತ್ತದೆ. ಕುತ್ತಿಗೆಯಲ್ಲಿ ಸೀಟಿ ತೂಗುಹಾಕಿಕೊಂಡಿದ್ದ. ನಾನು ಪರ್ಮಿಟ್ ಕಾಗದ ಹಿಡಿದು ದೂರ ನಿಂತಿದ್ದೆ.

ಅವನು ನೇರ ನನ್ನ ಹತ್ತಿರ ಬಂದ. ಕಾಗದಗಳನ್ನು ಎಡಗೈಯಿಂದ ಕಿತ್ತು ಟೈರಿನ ಮೇಲಿಟ್ಟ. ಹಗ್ಗದ ತುದಿಯನ್ನು ನನ್ನ ಎರಡು ಕೈಗೂ ತುರುಕಿದ.

“ಪಿಡಿ,” ಅಂದ.

ಹಿಡಿದೆ. ಅವನು ಸೀಟಿ ಊದಿದ, ವಿಂಚು ಎಳೆಯಿತು, ಸಡಿಲವಾದಷ್ಟು ಹಗ್ಗವನ್ನು ನಾನು ಎಳೆದುಕೊಳ್ಳುತ್ತ ಹೋದೆ. ಮುಂದಿನ ಚಕ್ರ ಹಲಗೆ ಏರಿದ ಕೂಡಲೇ ಒಂದು ಸಲ ಸೀಟಿ ಊದಿ ನಿಲ್ಲಿಸಿದ. ಹಲಗೆ ಜಾರಿರಲಿಲ್ಲ. ಆದರೂ ಅವನು ಹೋಗಿ ಅದೇ ಜಾಗದಲ್ಲಿ, ಕಾರಿನ ಮೂತಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಪ್ಲಾಸ್ಟರಿನ ಕೈಯನ್ನು ಹಲಗೆಯ ಪಕ್ಕ ಊರಿ, ಎಡಗೈಯಿಂದ ಅಡೆಯನ್ನು ಚಕ್ರಕ್ಕೆ ಕೊಡಲು ತೊಡಗಿದ. ಅವಸರವೇನೂ ಇರಲಿಲ್ಲ. ಒಂದು ಅಡೆ ಕೊಟ್ಟು, ತೆಗೆದು, ಮತ್ತೆ ಕೊಟ್ಟ. ಇನ್ನೊಂದು ಚಕ್ರಕ್ಕೆ ಹೋದ. ಹಲಗೆಯ ಅಂಚಿನ ಮರಳನ್ನು ಬೆರಳಿನಿಂದ ಗುಡಿಸಿದ. ಬಿಸಿಲಿಗೆ ನನ್ನ ಕಣ್ಣಿಗೆ ಬೆವರು ಇಳಿಯುತ್ತಿತ್ತು, ಒರೆಸಲು ಕೈ ಇರಲಿಲ್ಲ. ಅಂಗೈ ಉರಿಯತೊಡಗಿತು. ಅವನು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಬ್ರೇಕ್ ಇದೆ, ವಿಂಚಿದೆ, ನಾನು ಹಿಡಿಯದಿದ್ದರೂ ಏನೂ ಆಗುವುದಿಲ್ಲ ಎಂದು ಬುದ್ಧಿ ಹೇಳುತ್ತಿತ್ತು. ಕೈ ಕೇಳಲಿಲ್ಲ.

ಕೊನೆಗೆ ಎದ್ದ, ಪ್ಯಾಂಟಿನ ಮಂಡಿ ಕೊಡವಿದ, ನನ್ನ ಮುಂದೆ ಬಂದು ನಿಂತ.

“ವಿಡು,” ಅಂದ. ಏಕವಚನದಲ್ಲೇ.

ಬಿಟ್ಟೆ. ಬೆರಳು ಬಿಡಿಸಲು ಸ್ವಲ್ಪ ಹೊತ್ತು ಹಿಡಿಯಿತು.

“ಇಪ್ಪೊ ತೆರಿಯುಂ,” ಅಂದ. ಈಗ ಬರುತ್ತದೆ. ಅವನ ಮುಖದಲ್ಲಿ ನಗು ಇರಲಿಲ್ಲ. ಮುಂದಿನ ಎಳೆತಕ್ಕೆ ಸೀಟಿ ಬಾಯಿಗಿಟ್ಟುಕೊಂಡು ಹೋದ.

ಅದು ಗುರುವಾರ. ಆ ರಾತ್ರಿ ಊಟ ಮಾಡಿ ಮಲಗಿದವನಿಗೆ ಮಧ್ಯೆ ಎಚ್ಚರವೇ ಆಗಲಿಲ್ಲ. ಹೆಂಡತಿ ಎಬ್ಬಿಸಲಿಲ್ಲವಂತೆ, ಎಬ್ಬಿಸಲು ಮನಸ್ಸಾಗಲಿಲ್ಲವಂತೆ. ಕಣ್ಣು ಬಿಟ್ಟಾಗ ಎಂಟೂಕಾಲು. ಪಾಸಿರ್ ಪಂಜಾಂಗ್‌ಗೆ ಹೋಗುವ ನನ್ನ ಬಸ್ಸು ಹೋಗಿ ಒಂದು ಗಂಟೆಯಾಗಿತ್ತು.